ಗುರುವಾರ ರಾತ್ರಿ ಮೂರೂವರೆ

ಸಾವಿರದ ಆರುನೂರು ಜಾತಕಗಳನ್ನು ಕಂಪ್ಯೂಟರಿಗೆ ತುಂಬಿದವಳು ನಾನು. ಹದಿನಾಲ್ಕು ತಿಂಗಳು ಹಿಡಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಶಿರಸಿಯಲ್ಲಿ ಕೆಲಸ ಮಾಡುವವರು ಒಬ್ಬರು, ವೇದಿಕೆಯ ಮೇಲೆ ಶಾಲು ಹೊದೆಸಿಕೊಳ್ಳುವವರು ಇನ್ನೊಬ್ಬರು.

ಅದು 2006ನೇ ಇಸವಿ. ದೇವಿಕೆರೆಯ ಹತ್ತಿರ ಒಂದು ಮಹಡಿಯ ಮೇಲೆ ನಮ್ಮ ಸಮಾಜದ ವಧೂವರ ಮಾಹಿತಿ ಕೇಂದ್ರವಿತ್ತು. ನನ್ನ ಹೆಸರು ಶ್ರೀವಾಣಿ, ಅಲ್ಲಿ ಕೆಲಸಕ್ಕಿದ್ದವಳು ನಾನೊಬ್ಬಳೇ. ವಯಸ್ಸು ಮೂವತ್ನಾಲ್ಕು, ಮದುವೆಯಾಗಿರಲಿಲ್ಲ. ಊರಿಗೆಲ್ಲ ಗಂಡು ಹೆಣ್ಣು ಹೊಂದಿಸುವವಳಿಗೇ ಮದುವೆಯಿಲ್ಲ ಎಂದು ನಗುವವರು ನಗಲಿ. ನನ್ನದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನ ಜೀವಕ್ಕೆ ಆಗದು ಎಂಬ ಮಾತಿದೆಯಲ್ಲ, ಅದಕ್ಕೆ ಹೆದರಿ ಹನ್ನೊಂದು ಮನೆಯ ಹಿರಿಯರು ನನ್ನಿಂದ ತಪ್ಪಿಸಿಕೊಂಡರು. ಅವರಲ್ಲಿ ಇಬ್ಬರು ಆಮೇಲೆ ನಾನು ಸೊಸೆಯಾಗದೆಯೂ ತೀರಿಹೋದರು. ಅದಕ್ಕೆ ನಾನು ಜವಾಬ್ದಾರಳಲ್ಲ.

ಜಾತಕ ತುಂಬುವುದರಲ್ಲಿ ಒಂದು ತೊಡಕಿದೆ. ನಮ್ಮವರಿಗೆ ದಿನ ಶುರುವಾಗುವುದು ನಡುರಾತ್ರಿ ಹನ್ನೆರಡಕ್ಕಲ್ಲ, ಸೂರ್ಯ ಹುಟ್ಟಿದ ಮೇಲೆ. ನಾನು ಹುಟ್ಟಿದ್ದು ಯಾವಾಗ ಎಂದು ನನ್ನ ಅಮ್ಮ ಸೀತಮ್ಮನನ್ನು ಕೇಳಿ, 'ಗುರುವಾರ ರಾತ್ರಿ ಮೂರೂವರೆ' ಎನ್ನುತ್ತಾಳೆ. ಗೋಡೆಯ ಮೇಲಿನ ಕ್ಯಾಲೆಂಡರಿನ ಲೆಕ್ಕದಲ್ಲಿ ಅದು ಆಗಲೇ ಶುಕ್ರವಾರ. ಆದರೆ ಅಮ್ಮನಾಗಲಿ, ಫಾರಂ ತುಂಬಿ ಕಳಿಸಿದ ಸಾವಿರದ ಆರುನೂರು ಮನೆಯವರಾಗಲಿ ಬರೆಯುವುದು ಗುರುವಾರದ ತಾರೀಖನ್ನೇ. ಚಂದ್ರ ದಿನಕ್ಕೊಂದು ನಕ್ಷತ್ರ ದಾಟುವವನು, ಒಂದು ದಿನ ತಪ್ಪಿದರೆ ನಕ್ಷತ್ರವೇ ಬೇರೆ. ಅದಕ್ಕೇ ನಾನು ಬರೆದ ಪ್ರೋಗ್ರಾಮಿನಲ್ಲಿ ಒಂದು ಸಾಲು ಹಾಕಿದ್ದೆ: ನಡುರಾತ್ರಿಯ ನಂತರ, ಬೆಳಗಾಗುವ ಮೊದಲು ಹುಟ್ಟಿದವರಿಗೆ ತಾರೀಖು ಒಂದು ದಿನ ಮುಂದೆ ಹಾಕು. ಆ ಸಾಲಿನ ಮೇಲೆ ನನಗೆ ಬಹಳ ಹೆಮ್ಮೆಯಿತ್ತು.

ಹೌದು, ಪ್ರೋಗ್ರಾಮನ್ನೂ ನಾನೇ ಬರೆದದ್ದು. ಪಿಎಚ್‌ಪಿ ಎಂಬ ಭಾಷೆ, ಜಾಲತಾಣದ ಪುಟಗಳನ್ನು ಕಟ್ಟುವುದಕ್ಕೆ ಇರುವಂಥದ್ದು. ಹುಬ್ಬಳ್ಳಿಯಿಂದ ಪುಸ್ತಕ ತರಿಸಿ, ಇಸಳೂರಿನ ನಮ್ಮ ಮನೆಯಿಂದ ಬಸ್ಸಿನಲ್ಲಿ ಬರುವಾಗ ಹೋಗುವಾಗ ಓದಿ ಕಲಿತೆ. ಪುಟ ನೋಡಲು ಚೆನ್ನಾಗಿಯೇ ಇತ್ತು. ಹುಡುಗಿಯ ಹೆಸರು ಒತ್ತಿದರೆ ಎಂಟುನೂರು ಗಂಡುಗಳ ಜಾತಕದ ಜೊತೆ ತಾಳೆ ನೋಡಿ, ಹೊಂದುವವರ ಪಟ್ಟಿ ಕೊಡಬೇಕು. ಕೊಡುತ್ತಿತ್ತು ಕೂಡ, ನಾಲ್ಕು ನಿಮಿಷಕ್ಕೆ. ಕೆಲವೊಮ್ಮೆ ನಾಲ್ಕು ನಿಮಿಷ ಕಾಯಿಸಿ ಬರೀ ಬಿಳಿ ಪುಟ ತೋರಿಸುತ್ತಿತ್ತು. ಲೆಕ್ಕವನ್ನು ಒಮ್ಮೆ ಮಾಡಿ ಇಟ್ಟುಕೊಳ್ಳಬಾರದಿತ್ತೇ ಎಂದು ಈಗಿನವರು ಕೇಳುತ್ತಾರೆ. ದಿನಾ ಹತ್ತು ಜನ ಫೋನ್ ಮಾಡಿ, ಹೆರಿಗೆಯ ದಿನ ಗಡಿಯಾರ ಹತ್ತು ನಿಮಿಷ ಮುಂದಿತ್ತಂತೆ, ಹಿಂದಿತ್ತಂತೆ ಎಂದು ಹುಟ್ಟಿದ ಗಳಿಗೆ ತಿದ್ದಿಸುತ್ತಿದ್ದರು. ಸಾಕಾಗಿ, ಪ್ರತಿಸಲ ಹೊಸದಾಗಿಯೇ ಲೆಕ್ಕ ಹಾಕಲಿ ಎಂದು ಬಿಟ್ಟಿದ್ದೆ.

ಕೇಂದ್ರದ ಅಧ್ಯಕ್ಷರು ರಘುಪತಿ ಹೆಗಡೇರು. ಒಂದು ಸೋಮವಾರ ಬಂದವರು ನನ್ನ ಬೆನ್ನ ಹಿಂದೆ ನಿಂತು, ಕೈಗಡಿಯಾರ ನೋಡುತ್ತ ಆ ನಾಲ್ಕು ನಿಮಿಷವನ್ನೂ ಕಳೆದರು. ಬಿಳಿ ಪುಟ ಬಂತು.

"ತಂಗೀ, ಬಪ್ಪ ಭಾನುವಾರ ಸಮಾವೇಶ. ಐನೂರು ಜನ ಬತ್ತ. ಅಷ್ಟು ಜನರ ಎದ್ರಿಗೆ ನಿನ್ನ ಪೆಟ್ಟಿಗೆ ಹಿಂಗೆ ಕೂತ್ಕಂಡ್ರೆ ಎಂಗಳ ಮರ್ಯಾದೆ ಎಂತಾತು? ಆಗ್ತಿಲ್ಲೆ ಹೇಳಾದ್ರೆ ಈಗ್ಲೇ ಹೇಳು. ಜಾತಕ ಬರೆದಿಟ್ಟ ಹಳೇ ಪುಸ್ತಕವೇ ಅಡ್ಡಿಲ್ಲೆ. ಅದ್ನ ನೋಡ್ಕ್ಯಂಬಲೆ ಬೇರೆ ಜನ ಎಂತಕ್ಕೆ, ಆನೇ ಸಾಕು."

ಆನೇ ಎಂದರೆ ಅವರೊಬ್ಬರೇ, ಬೇರೆ ಜನ ಎಂದರೆ ನಾನು. ಭಾನುವಾರ ಪುಟ ತೆರೆಯದಿದ್ದರೆ ಹದಿನಾಲ್ಕು ತಿಂಗಳ ಕೆಲಸವೂ ಹೋಯಿತು, ಕುರ್ಚಿಯೂ ಹೋಯಿತು. ಆ ಕುರ್ಚಿ ನನಗೆ ಎಷ್ಟು ಬೇಕಾಗಿತ್ತು ಎಂದು ಹೆಗಡೇರಿಗೆ ಗೊತ್ತಿರಲಿಲ್ಲ. ಇಡೀ ಊರಿನಲ್ಲಿ ಯಾರೂ ನನ್ನ ನಕ್ಷತ್ರ ಕೇಳದೆ ಕೂರಲು ಬಿಟ್ಟದ್ದು ಅದೊಂದೇ ಜಾಗದಲ್ಲಿ. "ಆಗ್ತು ಹೆಗಡೇರೆ" ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಯಲ್ಲಾಪುರದ ಬಸ್ಸು ಹತ್ತಿ ಉಮ್ಮಚಗಿಯಲ್ಲಿ ಇಳಿದೆ. ಅಲ್ಲಿ ಸೀತಾರಾಮ ಮಾಸ್ತರು ಇದ್ದರು. ಗಣಿತದ ಮೇಷ್ಟರಾಗಿ ನಿವೃತ್ತರಾದವರು, ಜಾತಕ ಬರೆಯುವುದು ಮನೆತನದಿಂದ ಬಂದ ವಿದ್ಯೆ. ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ, ಐವತ್ತಾರನೇ ವಯಸ್ಸಿನಲ್ಲಿ, ಸಿ ಭಾಷೆ ಕಲಿತು ಇಡೀ ಪಂಚಾಂಗದ ಲೆಕ್ಕವನ್ನು ಅದರಲ್ಲಿ ಕೂರಿಸಿದ್ದರು. ಹಳೆಯ ಭಾಷೆ, ಹಳೆಯ ಕಂಪ್ಯೂಟರ್, ಕಪ್ಪು ಪರದೆ. ಆದರೆ ಫ್ಲಾಪಿಯಲ್ಲಿ ಒಯ್ದಿದ್ದ ನನ್ನ ಎಂಟುನೂರು ಗಂಡುಗಳನ್ನು ಅದಕ್ಕೆ ಕೊಟ್ಟರೆ, ನಾನು ಮಜ್ಜಿಗೆ ಲೋಟ ಕೆಳಗಿಡುವುದರೊಳಗೆ ಎಲ್ಲರ ಗ್ರಹಗಳನ್ನೂ ಬರೆದು ಮುಗಿಸಿತ್ತು. ನನಗೆ ನಾಚಿಕೆಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮಾಸ್ತರು ನನ್ನ ಪುಟಗಳನ್ನು ಮುದ್ರಿಸಿದ್ದ ಹಾಳೆಗಳನ್ನು ತಿರುವಿ ನೋಡಿದರು.

"ಚೆಂದ ಇದ್ದು ಕೂಸೇ. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ನಿನ್ನ ಭಾಷೆ ಮಾತಾಡಲೆ ಅಡ್ಡಿಲ್ಲೆ, ಮಗ್ಗಿ ಹೇಳಲೆ ಬತ್ತಿಲ್ಲೆ."

"ನಿಮ್ಮದಕ್ಕೆ ಮಗ್ಗಿ ಬತ್ತು, ಮಾತು ಬತ್ತಿಲ್ಲೆ ಮಾಸ್ತರೆ" ಎಂದೆ. ಅವರ ಪ್ರೋಗ್ರಾಮು ಫಲಿತಾಂಶ ತೋರಿಸುತ್ತಿದ್ದುದು ಬರೀ ಅಂಕಿಗಳಲ್ಲಿ. ಅವರ ಹೆಂಡತಿಗೂ ಅರ್ಥವಾಗುತ್ತಿರಲಿಲ್ಲ.

ಮಾಸ್ತರಿಗೆ ಸಿಟ್ಟು ಬರಲಿಲ್ಲ. "ಹಂಗಾದ್ರೆ ಎರಡನ್ನೂ ಕೂಡ್ಸು. ನಿನ್ನದು ಜಗಲಿ ಮೇಲೆ ಕೂತು ಬಂದವ್ರ ಮಾತಾಡ್ಸಲಿ. ಎನ್ನದು ಒಳಗೆ ಕೂತು ಲೆಕ್ಕ ಮಾಡ್ಲಿ" ಎಂದು ಹೇಳಿ ಪ್ರೋಗ್ರಾಮನ್ನು ಫ್ಲಾಪಿಗೆ ಹಾಕಿ, ಬಸ್ಸಿನಲ್ಲಿ ಮಳೆನೀರು ತಾಗೀತು ಎಂದು ಪ್ಲಾಸ್ಟಿಕ್ ಸುತ್ತಿ ಕೊಟ್ಟರು. ಜೊತೆಗೆ ಒಂದು ಷರತ್ತು: "ಹನ್ನೆರಡು ವರ್ಷದಿಂದ ನಡೀತಾ ಇದ್ದು. ಒಳಗೆ ಕೈ ಹಾಕಡ."

ನಾನು ಹಾಕಲಿಲ್ಲ. ಬುಧವಾರದಿಂದ ಶುಕ್ರವಾರದವರೆಗೆ ಎರಡನ್ನೂ ಜೋಡಿಸುವುದೇ ಕೆಲಸವಾಯಿತು. ಪುಟ ನನ್ನ ಭಾಷೆಯಲ್ಲಿ ಹೆಸರು, ತಾರೀಖು, ಗಳಿಗೆ ತೆಗೆದುಕೊಂಡು ಮಾಸ್ತರ ಪ್ರೋಗ್ರಾಮಿಗೆ ದಾಟಿಸುತ್ತದೆ. ಅದು ಲೆಕ್ಕ ಮಾಡಿ ವಾಪಸು ಕೊಟ್ಟದ್ದನ್ನು ಪುಟ ಕನ್ನಡದಲ್ಲಿ ತೋರಿಸುತ್ತದೆ. ಎರಡು ಸಲ ಎಲ್ಲವೂ ನಿಂತುಹೋಗಿ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ನಾನು ಟೆಲಿಫೋನ್ ಲೈನನ್ನು ಬೈದೆ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಬಂದು ಒತ್ತಿದೆ. ಎರಡೇ ಸೆಕೆಂಡಿಗೆ ಪಟ್ಟಿ ಬಂತು.

ನಂಬಿಕೆಯಾಗದೆ ಮತ್ತೆ ಒತ್ತಿದೆ. ಹೆಗಡೇರ ಜಾತಕ ಹಾಕಿದೆ, ಮಾಸ್ತರದ್ದು ಹಾಕಿದೆ, ಕಡತದಿಂದ ಆರು ಜಾತಕ ಎತ್ತಿ ಹಾಕಿದೆ. ಮೊದಲೇ ಗೊತ್ತಿದ್ದ ನಕ್ಷತ್ರವೇ ಎಲ್ಲಕ್ಕೂ ಬಂತು. ಕುರ್ಚಿಗೆ ಒರಗಿ ಕೂತೆ. ಒಬ್ಬಳೇ ಇದ್ದೆ, ಕೆಲಸ ಮುಗಿದಿತ್ತು, ತಮಾಷೆಗೆಂದು ನನ್ನದನ್ನೂ ಹಾಕಿದೆ. ಗುರುವಾರದ ತಾರೀಖು, ರಾತ್ರಿ ಮೂರೂವರೆ.

ನಕ್ಷತ್ರ: ಪೂರ್ವಾಷಾಢ.

ಅದರ ಕೆಳಗೆ ನನಗೆ ಹೊಂದುವ ಐವತ್ತೆಂಟು ಗಂಡುಗಳು. ಮೇಲಿನಿಂದ ಮೂರನೆಯವನು ಸಿದ್ದಾಪುರದ ನಂದನ, ಮೂವತ್ತಾರಕ್ಕೆ ಇಪ್ಪತ್ತೆಂಟು ಗುಣ. ಎಂಟು ವರ್ಷದ ಹಿಂದೆ ಅವನ ಮನೆಯವರು ನನ್ನ ಜಾತಕ ತರಿಸಿಕೊಂಡು, ಮೂರನೇ ದಿನಕ್ಕೆ ಒಂದು ಕಾರ್ಡು ಬರೆದಿದ್ದರು. 'ಜಾತಕ ಸರಿ ಬಂದಿಲ್ಲ.' ಅಷ್ಟೇ, ಸಹಿ ಕೂಡ ಇರಲಿಲ್ಲ. ಅವನಿಗಿನ್ನೂ ಮದುವೆಯಾಗಿರಲಿಲ್ಲ.

ಸುಳ್ಳು ಹೇಳುವುದಿಲ್ಲ, ಆ ಪರದೆಯನ್ನು ನಾನು ಬಹಳ ಹೊತ್ತು ನೋಡುತ್ತ ಕೂತೆ. ಮೂವತ್ನಾಲ್ಕು ವರ್ಷ ಹಣೆಗೆ ಅಂಟಿದ್ದು ಎರಡು ಸೆಕೆಂಡಿನಲ್ಲಿ ಉದುರಿಹೋಗಿತ್ತು. ಇದನ್ನೇ ಮುದ್ರಿಸಿ ಅಮ್ಮನ ಕೈಗೆ ಕೊಟ್ಟರೆ? ಕಂಪ್ಯೂಟರೇ ಹೇಳಿದೆ, ಹಿಂದೆ ನನ್ನ ಜಾತಕ ಬರೆದ ಭಟ್ಟರು ತಪ್ಪಿದ್ದರು ಎಂದರೆ? ಅಮ್ಮ ಆ ದಿನವೇ ದೇವರಿಗೆ ತುಪ್ಪದ ದೀಪ ಹಚ್ಚಿಯಾಳು. ಆಸೆಯಾಯಿತು. ಆಸೆಯಾದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಯಾಕೆಂದರೆ ನಾನು ಮೂಲಾ. ಹನ್ನೊಂದು ಸಲ ಕೇಳಿ ಬಾಯಿಪಾಠವಾದದ್ದು ತಪ್ಪಾಗಲು ಸಾಧ್ಯವಿಲ್ಲ. ತಪ್ಪಿದ್ದು ಪ್ರೋಗ್ರಾಮು. ನನ್ನದು ತಪ್ಪಿದ್ದರೆ ಬೇರೆ ಯಾರದೆಲ್ಲ ತಪ್ಪಿದೆ? ಕಡತ ತೆಗೆದು, ನಡುರಾತ್ರಿಯ ನಂತರ ಹುಟ್ಟಿದವರನ್ನು ಹುಡುಕಿ ಹಾಕಿದೆ. ಮೊದಲನೆಯದು ತಪ್ಪು, ಎರಡನೆಯದು ತಪ್ಪು, ಮೂರನೆಯದೂ ತಪ್ಪು. ಅಂಥವರು ಮುನ್ನೂರ ಎಂಬತ್ತು ಜನ ಇದ್ದರು. ನಾನು ಮೊದಲು ಪರೀಕ್ಷೆ ಮಾಡಿದ ಎಂಟೂ ಹಗಲು ಹುಟ್ಟಿದವರದ್ದು. ನಾಳೆ ಐನೂರು ಜನರಲ್ಲಿ ಕನಿಷ್ಠ ಇಪ್ಪತ್ತು ಪುರೋಹಿತರು ಇರುತ್ತಾರೆ. ಒಬ್ಬರು ಕೈಬೆರಳು ಎಣಿಸಿ 'ಇದು ಸುಳ್ಳು' ಎಂದರೆ ಸಾಕು, ಪೆಟ್ಟಿಗೆಯೂ ನಾನೂ ಒಟ್ಟಿಗೆ ಮೆಟ್ಟಿಲಿಳಿಯಬೇಕು.

ಉಮ್ಮಚಗಿಗೆ ಫೋನ್ ಮಾಡಿದೆ.

"ಮಾಸ್ತರೆ, ನಿಮ್ಮ ಪ್ರೋಗ್ರಾಮಲ್ಲಿ ರಾತ್ರಿ ಹುಟ್ಟಿದವ್ರಿಗೆ ಎಂತ ಮಾಡಿದ್ದಿ?"

"ಎಂತ ಮಾಡವು? ಸೂರ್ಯೋದಯಕ್ಕಿಂತ ಮುಂಚೆ ಆದ್ರೆ ತಾರೀಖಿಗೆ ಒಂದು ದಿನ ಕೂಡ್ಸಿದ್ದೆ. ನಮ್ಮವ್ರು ಬರೆಯದೇ ಹಂಗಲ್ದಾ?"

"ಆನೂ ಕೂಡ್ಸಿದ್ದೆ."

ಅವರದೊಂದು, ನನ್ನದೊಂದು, ತಾರೀಖು ಒಟ್ಟು ಎರಡು ದಿನ ಮುಂದೆ ಹೋಗಿತ್ತು. ಮಾಸ್ತರು ನಕ್ಕರು. ಕೆಮ್ಮು ಬರುವವರೆಗೆ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಮದುವೆಮನೆಯಲ್ಲಿ ಇಬ್ಬರು ಅಡಿಗೆಯವರು, ಇನ್ನೊಬ್ಬ ಹಾಕಿರಲಿಕ್ಕಿಲ್ಲ ಎಂದು ಒಂದೇ ಹುಳಿಗೆ ಇಬ್ಬರೂ ಉಪ್ಪು ಹಾಕಿದಂತಾಗಿತ್ತು. ಇಬ್ಬರದೂ ಸರಿ. ಕೂಡಿದಾಗ ಮಾತ್ರ ಬಾಯಿಗೆ ಇಡುವ ಹಾಗಿಲ್ಲ.

"ಎನ್ನದ್ರ ಮುಟ್ಟಡ ಹೇಳಿದ್ದೆ" ಎಂದರು ಮಾಸ್ತರು, ಇನ್ನೂ ನಗುತ್ತ.

"ಮುಟ್ತಿಲ್ಲೆ. ಎನ್ನದನ್ನೇ ತೆಗೀತೆ."

ನನ್ನ ಹೆಮ್ಮೆಯ ಆ ಒಂದು ಸಾಲನ್ನು ಅಳಿಸಿದೆ. ತಿದ್ದಿದ್ದನ್ನು ಜಾಲತಾಣಕ್ಕೆ ಏರಿಸಿ, ಮತ್ತೆ ಗುರುವಾರದ ತಾರೀಖು, ರಾತ್ರಿ ಮೂರೂವರೆ. ಒತ್ತುವಾಗ ಕಣ್ಣು ಮುಚ್ಚಿದ್ದೆ. ತೆರೆದರೆ, ನಕ್ಷತ್ರ: ಮೂಲಾ. ನಂದನನೂ ಇಲ್ಲ, ಐವತ್ತೆಂಟು ಜನರೂ ಇಲ್ಲ. ಇದ್ದವರು ಏಳು ಜನ.

ಹನ್ನೊಂದು ಸಲ ಆ ಹೆಸರಿಗೆ ಅತ್ತವಳು ನಾನು. ಆ ದಿನವೂ ಕಣ್ಣಲ್ಲಿ ನೀರು ಬಂತು, ಆದರೆ ಎದೆಯ ಮೇಲಿನ ಕಲ್ಲು ಇಳಿದಿತ್ತು. ಮುನ್ನೂರ ಎಂಬತ್ತರಲ್ಲಿ ನಲವತ್ತನ್ನು ಕಡತದ ಜೊತೆ ತಾಳೆ ನೋಡಿದೆ. ಎಲ್ಲವೂ ಸರಿಯಿದ್ದವು. ಐದೂವರೆಯ ಬಸ್ಸಿಗೆ ಇಸಳೂರಿಗೆ ಹೋಗಿ, ಅಮ್ಮ ಮಾಡಿದ ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದೆ.

ಭಾನುವಾರ ಮೊದಲು ಬಂದವರು ಅರಬೈಲಿನ ಒಬ್ಬ ತಂದೆ. ಮಗಳು ಸೋಮವಾರ ರಾತ್ರಿ ಎರಡು ಗಂಟೆಗೆ ಹುಟ್ಟಿದ್ದು ಎಂದರು. ಅವರು ಕನ್ನಡಕ ಹುಡುಕಿ ಹಾಕಿಕೊಳ್ಳುವುದರೊಳಗೆ ಪಟ್ಟಿ ಬಂದಿತ್ತು. ಪಕ್ಕದಲ್ಲಿ ನಿಂತಿದ್ದ ಪುರೋಹಿತರು ಬೆರಳು ಎಣಿಸಿ ತಲೆಯಾಡಿಸಿದರು. ರಘುಪತಿ ಹೆಗಡೇರು ಕೈಗಡಿಯಾರ ನೋಡಿ, ಅದನ್ನು ಕಿವಿಗೆ ಹಿಡಿದು, "ಇನ್ನೊಂದ್ಸಲ ಒತ್ತು ತಂಗೀ" ಎಂದರು. ಒತ್ತಿದೆ. ಸಂಜೆಯೊಳಗೆ ಇನ್ನೂರ ಹತ್ತು ಸಲ ಒತ್ತಿದೆ. ಶಾಲು ಹೆಗಡೇರಿಗೇ ಹೊದೆಸಿದರು, ಕುರ್ಚಿ ನನಗೆ ಉಳಿಯಿತು. ಮರುದಿನ ಹಳೆಯ ಪುಸ್ತಕಗಳನ್ನು ಅವರೇ ಹೊತ್ತು ಅಟ್ಟಕ್ಕೆ ಹಾಕಿದರು.

ಜನ ಕರಗಿದ ಮೇಲೆ ಮಾಸ್ತರು ಬಂದರು. ಮಧ್ಯಾಹ್ನದ ಬಸ್ಸು ತಪ್ಪಿತ್ತಂತೆ. ತಮ್ಮ ಲೆಕ್ಕ ಕನ್ನಡದಲ್ಲಿ ಮಾತಾಡುವುದನ್ನು ಅವರು ನೋಡಿರಲೇ ಇಲ್ಲ.

"ಯಾರದ್ದಾದ್ರೂ ಹಾಕು, ನೋಡನ" ಎಂದರು.

ನನ್ನದನ್ನೇ ಹಾಕಿದೆ. ಮಾಸ್ತರು ಮುಖವನ್ನು ಪರದೆಯ ಹತ್ತಿರ ತಂದು, ತಾರೀಖು ನೋಡಿದರು, ಗಳಿಗೆ ನೋಡಿದರು, ಬೆರಳಿನ ಮೇಲೆ ಎರಡು ಸಲ ಎಣಿಸಿದರು. ಹೆಸರು ನೋಡಿ ನನ್ನ ಮುಖ ನೋಡಿದರು. ಅಯ್ಯೋ ಪಾಪ ಎಂದಾರೇನೋ ಎಂದು ಕಾದೆ.

"ಸರಿ ಇದ್ದು" ಎಂದರು ಮಾಸ್ತರು.

ನನ್ನ ಜಾತಕ ನೋಡಿ ಹಾಗೆಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನಾನು ಕಂಪ್ಯೂಟರ್ ಆರಿಸಿ, ಮಾಸ್ತರಿಗೆ ಕುಡಿಯಲು ಕಷಾಯ ತರಲು ಕೆಳಗಿಳಿದೆ.