ಕನ್ನಡಿಯೊಳಗಿನ ಹುಬ್ಬು

ಕ್ಲಬ್ಬಿನಲ್ಲಿ ಅವನ ಹೆಸರೇ ಕತ್ತರಿ. ಇಪ್ಪತ್ತು ವರ್ಷದಿಂದ ಊರ ತಲೆಗಳನ್ನು ಕತ್ತರಿಸಿಯೇ ಸಂಸಾರ ನಡೆಸಿದವನು. ಬೇರೆ ಸಲೂನುಗಳು ತುಂಬಿ ತುಳುಕುವ ಭಾನುವಾರವೇ ಇವನು ಶಟರ್ ಎಳೆದು ಪೋಕರ್ ಪಂದ್ಯಕ್ಕೆ ಓಡುತ್ತಿದ್ದ. ನಾಲ್ಕು ವರ್ಷ ಓಡಿದರೂ ಒಮ್ಮೆಯೂ ಕೊನೆಯ ಮೇಜು ಮುಟ್ಟಿರಲಿಲ್ಲ. ಹೆಂಡತಿಗೆ ಸಾಕಾಯಿತು.

“ಈ ಸಲ ಕೊನೇ ಮೇಜಲ್ಲಿ ಕೂತ್ರೆ ಆಡ್ಕೊಳ್ಳಿ. ಇಲ್ಲಾಂದ್ರೆ ಭಾನುವಾರ ಅಂಗಡಿ ತೆಗೀರಿ, ಇಸ್ಪೀಟು ಮುಟ್ಬೇಡಿ,” ಎಂದಳು. ಅವಳು ಒಂದು ಹೇಳಿದರೆ ಒಂದೇ.

ಕೊನೆಗೆ ಉಳಿದವರು ಒಟ್ಟಿಗೆ ಕೂರುವ ಆ ಮೇಜಿಗೆ ಒಂಬತ್ತೇ ಕುರ್ಚಿ. ಆ ಮಧ್ಯಾಹ್ನ ಎರಡು ಮೇಜಿನಲ್ಲಿ ಐದೈದು ಮಂದಿ ಉಳಿದಾಗ ಕತ್ತರಿ ಇನ್ನೂ ಇದ್ದ. ಇನ್ನೊಬ್ಬ ಹೊರಬಿದ್ದರೆ ಸಾಕು. ಎದುರಿಗೆ ಕೂತಿದ್ದವನು ಹೆಂಡತಿಯ ಅಣ್ಣ, ಬಸ್ ಡಿಪೋದ ಗುಮಾಸ್ತ. ಅವನ ಮುಂದೆ ಪಣದ ಬಿಲ್ಲೆಗಳ ರಾಶಿಯೇ ಇತ್ತು.

ಕತ್ತರಿಗೆ ಎರಡು ಕರಿ ರಾಜರು ಬಂದರು. ಮೇಜಿನ ನಡುವೆ ಎಲ್ಲರಿಗೂ ಸೇರಿದ ಎಲೆಗಳಲ್ಲಿ ಕೆಂಪು ಆಟೀನ್ ರಾಜ. ಮೂರು ರಾಜರು! ಹಿಗ್ಗಿ ಹೀರೇಕಾಯಿಯಾದ. ಆದರೆ ಅಲ್ಲೇ ಆಟೀನ್ ಎಂಟೂ ಇತ್ತು, ಐದನೆಯ ಎಲೆಯಾಗಿ ಆಟೀನ್ ಮೂರೂ ಬಿತ್ತು. ಇನ್ನು ಕೈಯಲ್ಲಿ ಎರಡು ಆಟೀನ್ ಇರುವ ಯಾವ ಬಡಪಾಯಿಯಾದರೂ ಐದು ಆಟೀನ್ ಜೋಡಿಸಿ ಮೂವರು ರಾಜರಿಗೂ ಮಣ್ಣು ಮುಕ್ಕಿಸಬಹುದಿತ್ತು.

ಭಾವ ರಾಶಿಯನ್ನೇ ಮುಂದಕ್ಕೆ ನೂಕಿದ. “ಆಟೀನ್ ಇದೆ ಕಣೋ. ಬಿಟ್ಬಿಡು. ನನ್ ತಂಗಿಗೆ ಮುಖ ತೋರಿಸೋಕೆ ಒಂದು ಕುರ್ಚಿ ಉಳಿಯುತ್ತೆ.”

ಬಿಟ್ಟಿದ್ದರೆ ಉಳಿಯುತ್ತಿತ್ತು. ಕತ್ತರಿಯ ಬಳಿ ಇನ್ನೂ ಎರಡು ಹಿಡಿ ಬಿಲ್ಲೆ ಇದ್ದವು; ಪಕ್ಕದ ಮೇಜಿನಲ್ಲೊಬ್ಬ ಮೂರೇ ಬಿಲ್ಲೆ ಹಿಡಿದು ಏದುಸಿರು ಬಿಡುತ್ತಿದ್ದ. ಆದರೆ ಭಾವನ ತಲೆ ಇವನಿಗೆ ಅಂಗೈ ನೆಲ್ಲಿಕಾಯಿ. ಸುಳ್ಳು ಹೇಳುವಾಗ ಬಲಗಡೆ ಹುಬ್ಬು ಏಳುತ್ತದೆ, ನಿಜ ಹೇಳಿ ಕೊಚ್ಚಿಕೊಳ್ಳುವಾಗ ಎಡಗಡೆಯದು. ಇಪ್ಪತ್ತು ವರ್ಷ ಕುರ್ಚಿಯ ಹಿಂದೆ ನಿಂತು ನೋಡಿದ್ದು ಸುಳ್ಳಾದೀತೇ? ಕತ್ತರಿ ದಿಟ್ಟಿಸಿದ. ಎದ್ದದ್ದು ಬಲಗಡೆಯದು.

“ನೋಡೇಬಿಡೋಣ ಭಾವ,” ಎಂದು ಇದ್ದದ್ದನ್ನೆಲ್ಲ ಸುರಿದ.

ಭಾವ ತಿರುಗಿಸಿದ್ದು ಆಟೀನ್ ಎಕ್ಕ, ಆಟೀನ್ ಆರು. ಕತ್ತರಿ ಹತ್ತನೆಯವನಾಗಿ ಎದ್ದ.

ದಾರಿಯುದ್ದಕ್ಕೂ ಅವನಿಗೆ ಸೋತದ್ದಕ್ಕಿಂತ ಆ ಹುಬ್ಬು ಕೈಕೊಟ್ಟದ್ದೇ ಸಂಕಟ. ಮನೆಯಲ್ಲಿ, “ಕೊನೇ ಮೇಜಲ್ಲಿ ಕೂತೆ ಕಣೇ, ಒಂಬತ್ತನೆಯವನು,” ಎಂದುಬಿಟ್ಟ. ಹೆಂಡತಿ “ಹೌದಾ, ಒಳ್ಳೇದಾಯ್ತು,” ಎಂದು ಊಟಕ್ಕೆ ಬಡಿಸಿದಳು. ಅಷ್ಟು ಸುಲಭವಾಗಿ ನಂಬಿದ್ದು ಅವನಿಗೆ ಖುಷಿಯನ್ನೂ ಕೊಟ್ಟಿತು, ನಾಚಿಕೆಯನ್ನೂ ತಂದಿತು.

ಮಂಗಳವಾರ ಭಾವ ಕಟಿಂಗಿಗೆ ಬಂದ. ಕತ್ತರಿ ಬಟ್ಟೆ ಹೊದಿಸಿ, ಹಿಂದೆ ನಿಂತು, ಕನ್ನಡಿಯಲ್ಲಿ ನೋಡುತ್ತ ಕೇಳಿದ. “ಭಾವ, ನಾನು ಹತ್ತನೆಯವನಾಗಿ ಹೋಗಿದ್ದು ನಿಮ್ ತಂಗಿಗೆ ಹೇಳಿದ್ರಾ?”

“ಛೇ! ನಾನ್ಯಾಕೆ ಹೇಳ್ಲಿ?”

ಕನ್ನಡಿಯಲ್ಲಿ ಬಲಗಡೆ ಹುಬ್ಬು ಎದ್ದಿತು.

ಕತ್ತರಿಗೆ ರೇಗಿತು. ಕುರ್ಚಿಯನ್ನು ಗರ್ರನೆ ತನ್ನ ಕಡೆ ತಿರುಗಿಸಿದ. “ನನ್ ಮುಖ ನೋಡಿ ಹೇಳಿ!”

“ಆಣೆಗೂ ಹೇಳಿಲ್ಲ ಕಣೋ.”

ಅದೇ ಹುಬ್ಬು ಎದ್ದಿತು. ಈಗ ಅದು ಎಡಗಡೆಗಿತ್ತು.

ಕತ್ತರಿ ಬಾಚಣಿಗೆ ಹಿಡಿದು ನಿಂತೇಬಿಟ್ಟ. ಇಪ್ಪತ್ತು ವರ್ಷ ಅವನು ನೋಡಿದ್ದು ಕನ್ನಡಿಯೊಳಗಿನ ಭಾವನನ್ನು. ಪಂದ್ಯದ ಮೇಜಿನಲ್ಲಿ ಕನ್ನಡಿ ಇರಲಿಲ್ಲ; ಎದುರೆದುರು ಕೂತಾಗ ಎಡ ಬಲ ಅದಲುಬದಲಾಗಿತ್ತು. ಪಾಪ, ಭಾವ ಅವತ್ತು ನಿಜವನ್ನೇ ಹೇಳಿದ್ದ.

“ಹಾಗಾದ್ರೆ ಅವಳಿಗೆ ಗೊತ್ತು,” ಎಂದ ಮೆಲ್ಲಗೆ.

ಭಾವ ಬಟ್ಟೆಯೊಳಗಿಂದ ಕೈ ತೆಗೆದು ಮಡಿಸಿದ ಕಾಗದ ಕೊಟ್ಟ. “ಭಾನುವಾರವೇ ಗೊತ್ತಾಯ್ತು, ನೀನು ಮನೆ ಸೇರೋ ಮುಂಚೆ. ಇದನ್ನ ಬಾಗಿಲಿಗೆ ಅಂಟಿಸ್ಬೇಕಂತೆ.”

ಹೆಂಡತಿಯ ದುಂಡನೆಯ ಅಕ್ಷರ: ಇನ್ನು ಮುಂದೆ ಭಾನುವಾರವೂ ಅಂಗಡಿ ತೆರೆದಿರುತ್ತದೆ.

ಕತ್ತರಿ ಅದನ್ನು ಎರಡು ಸಲ ಓದಿದ. ಆಮೇಲೆ ಗೋಂದು ಹುಡುಕಿದ.