ಕೆಳಗಿನ ಹಲಗೆಯ ನೇಜಿ

ನೀರಲ್ಲಿ ಮುಳುಗಿಸದ ಭತ್ತದ ನೇಜಿ, ಅಂದರೆ ಎಳೆ ಸಸಿ, ಮುಳುಗಿದ ಹಾಗೆ ಆಡುತ್ತಿದೆ ಎಂದರೆ ಯಾರು ನಂಬುತ್ತಾರೆ? ನಮ್ಮ ಲ್ಯಾಬಿನ ಯಜಮಾನರಾದ ಅಲೆಕ್ಸಾಂಡರ್ ಸರ್ ಅಂತೂ ನಂಬಲಿಲ್ಲ.

"ಎಲೆಯ ಟ್ಯೂಬ್ ಅದಲುಬದಲು ಮಾಡಿದ್ದಿ ನೀನು ಹಿಬಾ. ಪುನಃ ಮಾಡು ಮಾರಾಯ್ತಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. ನಾನು ಊಟ ಮರೆತೇನು, ಕಾಪುವಿನ ಬಸ್ಸು ತಪ್ಪಿಸಿಕೊಂಡೇನು, ಟ್ಯೂಬ್ ಅದಲುಬದಲು ಮಾಡುವವಳಲ್ಲ. ಆದರೂ ಪುನಃ ಮಾಡಿದೆ. ಎರಡನೇ ಸಲವೂ ಅದೇ ಉತ್ತರ ಬಂತು.

ಕುಕ್ಕುಂದೂರಿನ ಒಂದು ಬಾಡಿಗೆ ಮನೆಯಲ್ಲಿ ನಡೆಯುವ ಸಣ್ಣ ಲ್ಯಾಬ್ ನಮ್ಮದು. ಮಳೆಗಾಲದಲ್ಲಿ ಎಲ್ಲೂರಿನ ಗದ್ದೆಗಳಲ್ಲಿ ನೆರೆ ನಿಂತಾಗ ಕೆಲವು ತಳಿಗಳು ಕೊಳೆಯುತ್ತವೆ, ಕೆಲವು ಬದುಕುತ್ತವೆ. ಯಾಕೆ ಎಂದು ಹುಡುಕುವುದು ನಮ್ಮ ಕೆಲಸ. ನೇಜಿಯ ಜೀವಕೋಶದೊಳಗೆ ಒಂದು ಪ್ರೋಟೀನ್ ಸದಾ ತಯಾರಾಗುತ್ತಲೇ ಇರುತ್ತದೆ. ಆಮ್ಲಜನಕ ಇರುವಷ್ಟು ಹೊತ್ತು ಅದು ಹುಟ್ಟುತ್ತಿದ್ದ ಹಾಗೇ ನಾಶವಾಗುತ್ತದೆ. ಆಮ್ಲಜನಕ ಕಡಿಮೆಯಾಯಿತೋ, ನಾಶವಾಗದೆ ಉಳಿದು, ಕಷ್ಟಕಾಲಕ್ಕೆಂದೇ ಇರುವ ಜೀನ್‌ಗಳನ್ನು ಎಬ್ಬಿಸುತ್ತದೆ. ಹಾಗಾಗಿ ತೊಟ್ಟಿಯಲ್ಲಿ ಮುಳುಗಿಸಿದ ನೇಜಿಯಲ್ಲಿ ಈ ಜೀನ್‌ಗಳು ಎಚ್ಚರವಾಗಿರಬೇಕು. ಹೋಲಿಸಿ ನೋಡಲೆಂದು ಹಲಗೆಯ ಮೇಲೆ ಗಾಳಿಯಲ್ಲಿಟ್ಟ ನೇಜಿಯಲ್ಲಿ ಮಲಗಿರಬೇಕು. ನನ್ನ ಗಾಳಿಯ ನೇಜಿಯಲ್ಲೂ ಅವು ಎಚ್ಚರವಾಗಿದ್ದವು.

ನೇಜಿ ಬೆಳೆಸುವ ಕೋಣೆ ಹಿಂದೆ ಆ ಮನೆಯ ಉಗ್ರಾಣವಾಗಿತ್ತು. ಕಿಟಕಿ ಇಲ್ಲ, ಏಸಿ ಇದೆ. ಆ ತಂಪಿಗೆಂದೇ ಅಶ್ವಿನಿ ತನ್ನ ಕೂಸನ್ನು ಅಲ್ಲಿ ಮಲಗಿಸುತ್ತಿದ್ದಳು. ಅಶ್ವಿನಿ ನಮ್ಮಲ್ಲಿ ಗುಡಿಸಿ ಒರೆಸುವವಳು, ಗದಗದ ಕಡೆಯವಳು. ಗಂಡ ರಾಮಲಿಂಗ ಮಣಿಪಾಲಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿ ಕೂಸನ್ನು ನೋಡಿಕೊಳ್ಳಲು ಯಾರೂ ಇಲ್ಲ. ಮೊದಲ ದಿನ ಅದನ್ನು ಮೇಜಿನ ಮೇಲೆ ಮಲಗಿಸಿದ್ದಳು.

"ಮೇಲೆ ಬೇಡ, ಉರುಳಿ ಬೀಳ್ತದೆ. ಕೆಳಗೆ ಮಲಗಿಸು" ಎಂದವಳು ನಾನೇ. ಅವಳು ಸೀರೆ ಮಡಚಿ ನೆಲಕ್ಕೆ ಹಾಸಿದಳು.

"ಮನ್ಯಾಗ ರಾತ್ರಿಯೆಲ್ಲಾ ಕಿರಿಕಿರಿ ಮಾಡ್ತೈತ್ರಿ ಅಕ್ಕಾರ. ಇಲ್ಲಿ ಹಾಕಿದ ಕೂಡ್ಲೇ ನಿದ್ದಿ ಹತ್ತತೈತಿ" ಎಂದು ಆಮೇಲೆ ಅವಳಿಗೆ ಖುಷಿಯೋ ಖುಷಿ. ನನಗೂ ಒಂದು ಒಳ್ಳೆಯ ಕೆಲಸ ಮಾಡಿದ ಹೆಮ್ಮೆ.

ಮೂರನೇ ಸಲ, ಸರ್ ಬಾಯಿ ಮುಚ್ಚಿಸಲೇಬೇಕೆಂದು, ಗಾಳಿಯ ನೇಜಿಯನ್ನು ಎರಡು ಪಾಲು ಮಾಡಿದೆ. ಒಂದನ್ನು ಎಂದಿನಂತೆ ಕೆಳಗಿನ ಹಲಗೆಯಲ್ಲಿಟ್ಟೆ, ಇನ್ನೊಂದನ್ನು ಎಲ್ಲಕ್ಕಿಂತ ಮೇಲಿನದರಲ್ಲಿ. ಇವತ್ತು ಮಧ್ಯಾಹ್ನ ಮಹಡಿಯ ಮೇಲಿನ, ಜೀನ್ ಅಳೆಯುವ ಯಂತ್ರದ ಪರದೆಯಲ್ಲಿ ಗೆರೆಗಳು ಮೂಡಿದವು. ಮೇಲಿನ ನೇಜಿಯಲ್ಲಿ ಜೀನ್‌ಗಳು ಮಲಗಿದ್ದವು. ಕೆಳಗಿನದರಲ್ಲಿ ಎದ್ದು ಕೂತಿದ್ದವು.

ಟ್ಯೂಬ್ ಬದಲಾಗಿರಲೇ ಇಲ್ಲ. ಗೆದ್ದೆ ಎಂದು ನಗು ಬಂತು. ಹಾಗಾದರೆ ಕೆಳಗೆ ಇರುವುದಾದರೂ ಏನು ಎಂದು ಯೋಚಿಸಿದೆ. ನಗು ಅಲ್ಲೇ ನಿಂತಿತು.

ಆ ಕೋಣೆಯ ಮೂಲೆಯಲ್ಲಿ ದ್ರವ ಸಾರಜನಕದ ಕ್ಯಾನ್ ಇದೆ. ಎಲೆಗಳನ್ನು ಕ್ಷಣದಲ್ಲಿ ಹೆಪ್ಪುಗಟ್ಟಿಸಲು ಅದು ಬೇಕು. ಕೆಲವು ವಾರಗಳಿಂದ ಕ್ಯಾನಿನ ಮೈಗೆ ಮಂಜು ಹತ್ತುತ್ತಿತ್ತು, ತುಂಬಿಸಿದ್ದು ಬೇಗ ಬೇಗ ಖಾಲಿಯಾಗುತ್ತಿತ್ತು. ಖಾಲಿಯಾದದ್ದೆಲ್ಲ ಅನಿಲವಾಗಿ ನೆಲಕ್ಕೆ ಇಳಿಯುತ್ತಿತ್ತು. ತಣ್ಣಗಿನ ಅನಿಲ ಭಾರ. ನೆಲದಲ್ಲೇ ಹರಡಿಕೊಂಡು ಒಳ್ಳೆಯ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ. ಕೆಮ್ಮು ಬರುವುದಿಲ್ಲ, ಉಸಿರುಗಟ್ಟಿದ ಹಾಗೂ ಆಗುವುದಿಲ್ಲ. ನಿದ್ದೆ ಬರುತ್ತದೆ, ಅಷ್ಟೆ. ಇವತ್ತು ಬೆಳಿಗ್ಗೆ ಆ ಕ್ಯಾನನ್ನು ಬಾಯಿತನಕ ತುಂಬಿಸಿದ್ದರು.

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಕೋಣೆಯ ಬಾಗಿಲು ಮುಚ್ಚಿತ್ತು. ಹೊರಗೆ ನೆಲ ಒರೆಸುತ್ತಿದ್ದ ಅಶ್ವಿನಿ ನನ್ನನ್ನು ನೋಡಿ ಬಾಗಿಲಿಗೆ ಕೈ ಅಡ್ಡ ಇಟ್ಟಳು.

"ಸಾವಕಾಶ ರೀ ಅಕ್ಕಾರ. ಕೂಸು ಮಲಗೈತಿ."

ಅವಳನ್ನು ದೂಡಿ ಒಳಗೆ ನುಗ್ಗಿದೆ. ಉಸಿರು ಹಿಡಿದು ಬಗ್ಗಿದೆ. ಕೂಸಿನ ತುಟಿ ನೇರಳೆಹಣ್ಣು ತಿಂದ ಹಾಗಿತ್ತು. ಎತ್ತಿಕೊಂಡರೆ ಕುತ್ತಿಗೆ ಹಿಂದಕ್ಕೆ ಜೋತುಬಿತ್ತು. ಅಂಗಳಕ್ಕೆ ಓಡಿ, ಅದರ ಬಾಯಿ ಮೂಗಿಗೆ ಬಾಯಿಟ್ಟು ಊದಿದೆ. ಏನೂ ಆಗಲಿಲ್ಲ. ಸತ್ತೇಹೋಗಿದೆ ಎಂದು ನನಗೆ ಖಾತ್ರಿಯಾಯಿತು, ಆದರೂ ಊದುವುದನ್ನು ನಿಲ್ಲಿಸಲು ಧೈರ್ಯ ಬರಲಿಲ್ಲ. "ಏನ್ ಮಾಡಾಕತ್ತೀರಿ, ಎಬ್ಬಿಸಬ್ಯಾಡ್ರಿ" ಎನ್ನುತ್ತ ಹಿಂದೆಯೇ ಬಂದ ಅಶ್ವಿನಿ ಕೂಸಿನ ಮುಖ ನೋಡಿದಳು.

ಆಗ ಕೂಸು ಬಿಕ್ಕಿತು. ಆಮೇಲೆ ಕಿರುಚಿ ಅತ್ತಿತು.

ಕಾರ್ಕಳದ ಆಸ್ಪತ್ರೆಯಲ್ಲಿ ಡಾಕ್ಟರರು ತುಂಬ ಹೊತ್ತು ಪರೀಕ್ಷೆ ಮಾಡಿದರು. "ಈಗ ಉಸಿರಾಟ ಸರಿ ಉಂಟು. ಮೆದುಳಿಗೆ ಎಂತಾದರೂ ಆಗಿದೆಯಾ ಅಂತ ಬೆಳೆಯುವಾಗ ಮಾತ್ರ ಗೊತ್ತಾಗುವುದು" ಎಂದರು.

ಹೊರಗೆ ಬೆಂಚಿನಲ್ಲಿ ಕುಳಿತೆವು. ಕೂಸು ನನ್ನ ಮಡಿಲಲ್ಲಿತ್ತು. ಸುಮ್ಮನಿರಲು ಭಯವಾಗಿ ಎಲ್ಲವನ್ನೂ ಬಿಡಿಸಿ ಹೇಳಿದೆ, ಕ್ಯಾನು, ನೆಲ, ಕೆಳಗಿನ ಹಲಗೆ.

"ಮನುಷ್ಯರಿಗೆ ಅದು ಗೊತ್ತಾಗುವುದೇ ಇಲ್ಲ ಅಶ್ವಿನಿ. ಆ ಸಸಿಗೆ ಗೊತ್ತಾಗಿತ್ತು."

ಅವಳು ಕೂಸಿನ ತುಟಿಯನ್ನೇ ನೋಡುತ್ತಿದ್ದಳು.

"ಸಸಿಗೆ ಯಾವಾಗ ಗೊತ್ತಾಗಿತ್ರಿ?"

ಸುಳ್ಳು ಹೇಳಬಹುದಿತ್ತು.

"ಮೊದಲನೇ ಸಲವೇ" ಎಂದೆ. "ಹೋದ ತಿಂಗಳು."

ಅಶ್ವಿನಿ ನನ್ನ ಮಡಿಲಿಂದ ಕೂಸನ್ನು ಎತ್ತಿಕೊಂಡು ಬೆಂಚಿನ ಆ ತುದಿಗೆ ಹೋಗಿ ಕುಳಿತಳು.