ಮೂರು ತಳಿ, ಮೂರು ಕಾಲ, ಮೂರು ಮಣ

೧೯೫೬ರಲ್ಲಿ ಬಿ.ಎಸ್ಸಿ. ಮುಗಿಸಿದ ನನಗೆ ತೋಟಗಾರಿಕೆ ಕಚೇರಿಯೊಂದರಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಅಲ್ಲಾಳಸಂದ್ರದ ಕೆರೆಯ ಕೆಳಗೆ, ಬೈರಮ್ಮನ ಜಮೀನಿನಲ್ಲಿ ಮೂರು ತಳಿಯ ಸೌತೆ ಹಾಕಿಸಿ, ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಏರುಪೇರಿಲ್ಲದೆ ಕಾಯಿ ಬಿಡುವುದು ಯಾವುದೆಂದು ಹೇಳಬೇಕು. ಒಂದನ್ನು ಆರಿಸಿ ವರದಿ ಕೊಟ್ಟರೆ ಕೆಲಸ ಕಾಯಂ. ಇಲ್ಲದಿದ್ದರೆ ಮನೆಗೆ.

ಆ ಹೊಲ ನನಗೆ ಒಗ್ಗಿತ್ತು. ಬಳ್ಳಿಗಳು ಏನನ್ನೂ ಕೇಳುತ್ತಿರಲಿಲ್ಲ. ಬೈರಮ್ಮ ಕಾಯಿ ಕಿತ್ತಿಡುತ್ತಿದ್ದಳು, ನಾನು ವಾರಕ್ಕೊಮ್ಮೆ ಹೋಗಿ ತೂಗಿ ಬರೆದುಕೊಳ್ಳುತ್ತಿದ್ದೆ. ಮೊದಲ ತಳಿ ಪ್ರತಿ ವಾರವೂ ಮೂರು ಮಣ ಕೊಟ್ಟಾಗ ಸಂತೋಷಪಟ್ಟೆ. ಎರಡನೆಯದೂ ಅಷ್ಟೇ ಕೊಟ್ಟಾಗ ಇನ್ನೊಮ್ಮೆ ತೂಗಿದೆ. ಬೇಸಿಗೆಯಲ್ಲಿ ಮೂರನೆಯದು ಬೂದಿರೋಗಕ್ಕೆ ಸಿಕ್ಕಿ ಒಣಗಿ ಬಿದ್ದ ಮೇಲೂ ಮೂರು ಮಣ ಕೊಟ್ಟಿತು. ಆಗ ಕೇಳಿದೆ.

"ಬೈರಮ್ಮ, ಬಳ್ಳೀನೇ ಸತ್ತೋಗಿದೆ. ಕಾಯಿ ಎಲ್ಲಿಂದ ಬಂತು?"

"ನಿಮ್ಗೆ ಕಾಯಿ ಬೇಕಾ, ಬಳ್ಳಿ ಬೇಕಾ ಸೋಮಿ?"

ನಾನು ಒಣಗಿದ ಬಳ್ಳಿಯೊಂದನ್ನು ಎತ್ತಿ ತೋರಿಸಿದೆ. ಆಕೆಯೇ ಮುಂದುವರಿಸಿದಳು. "ಮೂರ್ನೂ ಕಿತ್ತು ಒಂದೇ ರಾಸಿ ಮಾಡ್ತೀನಿ, ಆಮ್ಯಾಕೆ ಮೂರು ಪಾಲು. ನಮ್ಮಲ್ಲಿ ಅಣ್ತಮ್ಮಂದ್ರು ಬೆಳೆ ಅಂಚ್ಕೊಳ್ಳೋದು ಇಂಗೇಯ. ಒಬ್ಬನ್ಗೆ ಕಮ್ಮಿ ಆದ್ರೆ ಮನೆ ಉಳೀತದಾ?"

"ಬೇಸಿಗೇಲಿ?"

"ಬಾಗಲೂರ್ನಾಗೆ ನಮ್ಮಕ್ಕನ ತ್ವಾಟ ಐತಲ್ಲ, ಅಲ್ಲಿಂದ ತಂದು ತುಂಬಿಸ್ದೆ. ಮಳೆಗಾಲ್ದಾಗೆ ಎಚ್ಚಾದ್ದು ಎಮ್ಮೆಗಾಕ್ದೆ. ಒಂದೇ ಸಮ ಬರ್ಬೇಕು ಅಂತ ನೀವೇ ಅಂದ್ರಲ್ಲ? ಓದಿರೋರ ಮಾತು ತೆಗೆದಾಕಕ್ಕಾಗ್ತದಾ?"

ಅಂದದ್ದು ನಿಜ. ಮೊದಲ ಬಿತ್ತನೆಯ ದಿನ ನಾನು ಆಡಿದ್ದು ಅದೊಂದೇ ಮಾತು.

ಚೀಟಿ ಎತ್ತಿ ಒಂದು ತಳಿಯ ಹೆಸರು ಬರೆಯಬಹುದಿತ್ತು. ಕೈ ಬರಲಿಲ್ಲ. ಅಧಿಕಾರಿ ಶ್ರೀರಾಮಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಅವರು ಅಂಕಿಗಳ ಮೇಲೆ ಬೆರಳಾಡಿಸಿದರು.

"ವರ್ಷಪೂರ್ತಿ ಒಂದು ಸೇರೂ ವ್ಯತ್ಯಾಸ ಇಲ್ವಲ್ಲ ಕಣ್ರೀ!"

"ಅದಕ್ಕೆ ತಳಿ ಕಾರಣ ಅಲ್ಲ ಸಾರ್. ಬೈರಮ್ಮ."

"ಮತ್ತೆ ಹಾಗೇ ಬರೀರಿ."

ಶಿಫಾರಸು ಮಾಡಲಾದ ತಳಿ ಎಂಬಲ್ಲಿ ಬೈರಮ್ಮ ಎಂದು ಬರೆದೆ.

ತಿಂಗಳಾದ ಮೇಲೆ ಆದೇಶ ಬಂತು. ಬೈರಮ್ಮ ಕಾಯಂ. ನಾನು ಇನ್ನೂ ಮೂರು ಕಾಲ ತಾತ್ಕಾಲಿಕ, ಆಕೆಯ ಕೈಕೆಳಗೆ. ಅದನ್ನು ಆಕೆಗೆ ಓದಿ ಹೇಳಬೇಕಾದವನೂ ನಾನೇ. ಬದುವಿನ ಮೇಲೆ ನಿಂತು ಓದಿದೆ.

ಬೈರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಅಂಗಾರೆ ನಿಮ್ಮನ್ನ ಇನ್ ಮ್ಯಾಕೆ ಸೋಮಿ ಅನ್ನಂಗಿಲ್ಲ. ನಿಮ್ ಎಸ್ರೇನು?"

ಒಂದು ವರ್ಷದಲ್ಲಿ ಆಕೆ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ದಾಸಪ್ಪ."

"ದಾಸಪ್ಪ," ಎಂದಳು ಬೈರಮ್ಮ, "ಅಲ್ಯಾಕ್ ನಿಂತಿದ್ದೀಯೋ? ಗುದ್ಲಿ ತಗಾ."